ಗುಬ್ಬಿಯ ಕೈ, ದೊರೆಯ ನೀರು

ಇರಲಾರದವರು ಇರುವೆ ಬಿಟ್ಟುಕೊಂಡರು ಎಂಬ ಗಾದೆ ಕಟ್ಟಿದವರು ಗುಬ್ಬಿಯನ್ನು ಕಂಡಿರಲಿಕ್ಕಿಲ್ಲ. ಕಂಡಿದ್ದರೆ ಗಾದೆ ಇನ್ನೂ ಉದ್ದವಾಗುತ್ತಿತ್ತು. ಅವಳ ಕೈಗೆ ಸುಮ್ಮನಿರುವುದೇ ಗೊತ್ತಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರಿನಿಂದ ಲೇಬಲ್ಲು ಇಣುಕಿದರೆ ಸಾಕು, ಇವಳ ಬೆರಳು ಅದನ್ನು ಒಳಗೆ ತಳ್ಳಿಯಾಗಿರುತ್ತದೆ. ಬ್ಯಾಂಕಿನಲ್ಲಿ ಸರದಿ ಕಾಯುತ್ತ ನಿಂತರೆ ಕೌಂಟರಿನ ಪೆನ್ನುಗಳೆಲ್ಲ ಒಂದೇ ಸಾಲಿಗೆ ಬಂದಿರುತ್ತವೆ. ಹಿಂದೊಮ್ಮೆ ಮದುವೆಯ ಮಾತುಕತೆಗೆ ಬಂದ ಗಂಡಿನ ಎಡಮೀಸೆ ಬಲಮೀಸೆಗಿಂತ ಕೂದಲೆಳೆಯಷ್ಟು ಉದ್ದವಿದೆ ಎಂದು ಕಂಡು, ಅವನು ತನ್ನ ಉದ್ಯೋಗದ ವಿಷಯ ಹೇಳುತ್ತಿರುವಾಗಲೇ ಚೀಲದಿಂದ ಕತ್ತರಿ ತೆಗೆದಳು. ಆ ಮನುಷ್ಯ ಇವತ್ತಿಗೂ ಮೀಸೆ ಬಿಡುವುದಿಲ್ಲ ಎಂದು ಸುದ್ದಿ. ಗುಬ್ಬಿ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಸೊಟ್ಟ ಮೀಸೆಯನ್ನು ಜೀವಮಾನವಿಡೀ ನೋಡುವುದಕ್ಕಿಂತ ಹೀಗಿರುವುದೇ ವಾಸಿ ಎಂದಳು.

ಅವಳು ಬ್ಯೂಟಿ ಪಾರ್ಲರಿನವಳು. ನಲವತ್ತು ದಾಟಿದ್ದರೂ ನಡೆಯುವುದು ಕಡಿಮೆ, ಹಾರುವುದೇ ಹೆಚ್ಚು; ಆದ್ದರಿಂದಲೇ ಚಿಕ್ಕಂದಿನ ಅಡ್ಡಹೆಸರು ಇನ್ನೂ ಅಂಟಿಕೊಂಡಿದೆ. ಸೊಂಟ ದಾಟುವ ಜಡೆ ಅವಳದು. ಊರೆಲ್ಲರ ತಲೆ ಮುಟ್ಟುವ ಗುಬ್ಬಿ ತನ್ನ ತಲೆಯನ್ನು ಮಾತ್ರ ಯಾರಿಗೂ ಮುಟ್ಟಗೊಟ್ಟವಳಲ್ಲ. ಪಾರ್ಲರಿಗೆ ಬೋರ್ಡು ಬೇರೆ ಬೇಕಿಲ್ಲ, ಈ ಜಡೆಯೇ ಸಾಕು ಎಂದು ಗಿರಾಕಿಗಳು ಹೇಳುತ್ತಿದ್ದರು.

ಪಾರ್ಲರ್ ನಡೆಸುವವರು ಇಬ್ಬರು: ಗುಬ್ಬಿ ಮತ್ತು ಅವಳ ಅತ್ತಿಗೆ. ಅಣ್ಣ ಸರಕು ಲಾರಿ ಓಡಿಸುವವನು, ಮನೆಗೆ ಬರುವುದೇ ನೆಂಟನ ಹಾಗೆ. ಅತ್ತಿಗೆಯದು ನಿಧಾನದ ಜೀವ. ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಫೋನು ಎತ್ತುವುದು, ಗಿರಾಕಿಗಳಿಗೆ ಸಮಯ ಕೊಡುವುದು, ಮುನಿಸಿಕೊಂಡವರನ್ನು ಸಮಾಧಾನ ಮಾಡುವುದು ಅವರ ಪಾಲು. ಇಷ್ಟು ವರ್ಷದಲ್ಲಿ ಅವರು ಒಂದು ದಿನವೂ ಕತ್ತರಿ ಹಿಡಿದಿರಲಿಲ್ಲ. ಹಿಡಿಯುತ್ತೀರಾ ಎಂದು ಯಾರೂ ಕೇಳಿಯೂ ಇರಲಿಲ್ಲ. ಕೇಳಬಹುದಿತ್ತು ಎಂಬುದು ಗುಬ್ಬಿಗೆ ತಡವಾಗಿ ಹೊಳೆಯಿತು. ಆ ಮಾತು ಮುಂದೆ ಬರುತ್ತದೆ.

ಇನ್ನು ದೊರೆ. ಎರಡು ಕುರ್ಚಿ, ಎದುರಿಗೆ ಗೋಡೆಯುದ್ದದ ಕನ್ನಡಿ, ಮೂಲೆಯಲ್ಲಿ ತಲೆ ತೊಳೆಯುವ ಬೇಸಿನ್ನು. ಕುರ್ಚಿಗಳ ಹಿಂದಿನ ಗೋಡೆಗೆ ಒಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಒಬ್ಬನೇ ಒಬ್ಬ ನಿವಾಸಿ. ಆಸ್ಕರ್ ಜಾತಿಯ ಸಿಹಿನೀರಿನ ಮೀನು, ಕಪ್ಪು ಮೈಮೇಲೆ ಕೆಂಡದ ಬಣ್ಣದ ಮಚ್ಚೆ, ಮೊಣಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದ. ಅಣ್ಣ ಯಾವುದೋ ಟ್ರಿಪ್ಪಿನಿಂದ ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ತಂದಾಗ ಹೆಬ್ಬೆರಳಿನಷ್ಟಿದ್ದ. ಬೆಳೆದ, ತೊಟ್ಟಿಯೂ ಬೆಳೆಯಿತು, ಹೆಸರೂ ಬಂತು. ಕುರ್ಚಿಯಲ್ಲಿ ಕೂತ ಗಿರಾಕಿ ಕನ್ನಡಿ ನೋಡಿದರೆ ತನ್ನ ಹೆಗಲ ಮೇಲಿಂದ ದೊರೆ ದಿಟ್ಟಿಸುವುದು ಕಾಣಿಸುತ್ತಿತ್ತು. ಕಟಿಂಗ್ ಚೆನ್ನಾಗಿಲ್ಲದಿದ್ದರೆ ಅವನು ಬೆನ್ನು ತಿರುಗಿಸುತ್ತಾನೆ ಎಂದು ಗುಬ್ಬಿ ಹೇಳುತ್ತಿದ್ದಳು, ಹಲವರು ನಂಬಿಯೂ ಇದ್ದರು. ಅವಳ ಬೆರಳ ತುದಿಯಿಂದಲೇ ಕಾಳು ಕಿತ್ತು ತಿನ್ನುತ್ತಿದ್ದ. ಬೆಳಿಗ್ಗೆ ಅವಳು ಬಾಗಿಲು ತೆಗೆದ ಸದ್ದಿಗೇ ಗಾಜಿಗೆ ಮೂತಿ ಒತ್ತಿ ಬಾಲ ಬಡಿಯುತ್ತಿದ್ದ. ಗುಬ್ಬಿಗೆ ಅವನೆಂದರೆ ಪ್ರಾಣ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ.

ಮೊದಲು ದೊರೆಯ ನೀರನ್ನು ಅಣ್ಣನೇ ನೋಡಿಕೊಳ್ಳುತ್ತಿದ್ದ, ಅಂದರೆ ನೋಡುತ್ತಲೇ ಇರಲಿಲ್ಲ. ಆಗ ನೀರು ಕನ್ನಡಿಯಂತಿತ್ತು. ಹೋದ ವರ್ಷ ಅವನಿಗೆ ದೂರದ ರೂಟು ಬಿತ್ತು, ತೊಟ್ಟಿಯ ಜವಾಬ್ದಾರಿ ಗುಬ್ಬಿಯ ಕೈಗೆ ಬಂತು. ಅಲ್ಲಿಂದ ಶುರುವಾಯಿತು ರಗಳೆ. ನೀರು ಹಾಲಿನಂತೆ ಬೆಳ್ಳಗಾಗತೊಡಗಿತು, ಅದರ ಹಿಂದೆಯೇ ವಾಸನೆ. ಗುಬ್ಬಿ ಹಳೇ ಫಿಲ್ಟರ್ ಎಸೆದು ಹೊಸದು ತಂದಳು, ಅದೂ ಅಷ್ಟೆ. ಎರಡೂ ಮೋಸದ ಮಾಲು ಎಂದು ತೀರ್ಪು ಕೊಟ್ಟಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಇಲ್ಲಿಗೆ ಯಾಕೆ ಬಂತು ಎಂದು ಈಗಲೇ ಕೇಳಬೇಡಿ.

ಒಂದು ದಿನ ಮುಖಕ್ಕೆ ಪ್ಯಾಕ್ ಹಾಕಿಸಿಕೊಂಡು ಕಣ್ಣ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡಿದ್ದ ಗಿರಾಕಿಯೊಬ್ಬರು ತಟ್ಟನೆ ಎದ್ದು ಕೂತು, "ಇಲ್ಲಿ ಏನೋ ಸತ್ತಿದೆ!" ಎಂದರು. ಬಿಲ್ಲೆಗಳು ನೆಲಕ್ಕೆ ಬಿದ್ದವು. ಅಂದು ಅಂಗಡಿ ಖಾಲಿಯಾದ ಮೇಲೆ ಅತ್ತಿಗೆ ತಮ್ಮ ಮೇಜಿನಿಂದ ಎದ್ದು ಬಂದರು.

"ನೋಡು ಗುಬ್ಬಿ, ಇದೇ ಕಡೆ ಸಲ. ಒಳ್ಳೇ ಫಿಲ್ಟರ್ ತಗೋ, ನಾನೂ ಬರ್ತೀನಿ. ಆಮೇಲೂ ನೀರು ಕೆಟ್ಟರೆ ದೊರೆ ಮೇಲಿನ ಮನೆಗೆ. ಈ ಜಾಗಕ್ಕೆ ಮೂರನೇ ಕುರ್ಚಿ."

ಮೇಲಿನ ಮನೆ ಎಂದರೆ ಮಹಡಿಯ ಮೇಲಿದ್ದ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಮೃದುವಾದ ಮನುಷ್ಯ, ಆದರೆ ಬಹಳ ದಿನದಿಂದ ದೊರೆಯ ಮೇಲೆ ಕಣ್ಣು. ಹಲ್ಲು ಕೀಳಿಸಲು ಬಂದವರು ಮೀನು ನೋಡುತ್ತ ಕೂತರೆ ಭಯ ಇಳಿಯುತ್ತದೆ ಎಂದು ಅವರ ವಾದ. "ನಮ್ಮಲ್ಲಿ ಆರಾಮಾಗಿರ್ತಾನೆ ಮೇಡಂ," ಎನ್ನುತ್ತ ದಿನಕ್ಕೊಂದು ಸಲವಾದರೂ ಇಳಿದು ಬರುತ್ತಿದ್ದರು. ಇತ್ತೀಚೆಗೆ ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡೇ ಬರುತ್ತಿದ್ದರು.

ಗುಬ್ಬಿ ಹೆದರಿದಳು. ಆದರೆ ಅವಳ ಸ್ವಭಾವವೇ ಹಾಗೆ, ಭಯದ ಹಿಂದೆಯೇ ಹುರುಪು ಬಂದುಬಿಡುತ್ತದೆ. ಮರುದಿನ ಅತ್ತಿಗೆಯ ಕೈ ಹಿಡಿದು ಎಳೆದುಕೊಂಡೇ ಮೀನಿನ ಅಂಗಡಿಗೆ ಹೋದಳು.

ಆ ಅಂಗಡಿಯವನಿಗೆ ಪೇಟೆಯಲ್ಲಿ ಬೇಡಪ್ಪ ಎಂದು ಹೆಸರು. ಗಿರಾಕಿ ಏನು ಕೇಳಿದರೂ ಅವನ ಮೊದಲ ಮಾತು "ಬೇಡ". ಇಂಥವನ ವ್ಯಾಪಾರ ಹೇಗೆ ನಡೆಯುತ್ತದೋ, ಆದರೆ ಅಂಗಡಿಯ ತುಂಬ ತೊಟ್ಟಿಗಳು, ತೊಟ್ಟಿಗಳ ತುಂಬ ಮೀನು, ಒಂದೊಂದರ ನೀರೂ ಇದೆಯೋ ಇಲ್ಲವೋ ಎಂಬಷ್ಟು ತಿಳಿ.

"ಯಾವ ಮೀನು?" ಎಂದ ಬೇಡಪ್ಪ.

"ದೊರೆ," ಎಂದಳು ಗುಬ್ಬಿ.

"ಜಾತಿ ಕೇಳಿದೆ."

"ಆಸ್ಕರ್. ಇಷ್ಟುದ್ದ." ಮೊಣಕೈ ತೋರಿಸಿದಳು.

"ತೊಟ್ಟಿ?"

ಎರಡೂ ತೋಳು ಚಾಚಿದಳು. ಸಾಲಲಿಲ್ಲ. ಅತ್ತಿಗೆಯ ಒಂದು ತೋಳನ್ನೂ ಹಿಡಿದು ಚಾಚಿಸಿದಳು. ಅತ್ತಿಗೆ ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡು ನಿಂತರು.

"ಐನೂರು ಲೀಟರಿಗೆ ಕಡಿಮೆ ಇಲ್ಲ," ಎಂದ ಬೇಡಪ್ಪ. "ಅಷ್ಟು ದೊಡ್ಡ ಮೀನು ಅಷ್ಟೇ ದೊಡ್ಡ ಗಲೀಜು ಮಾಡುತ್ತೆ. ಸಣ್ಣಪುಟ್ಟ ಫಿಲ್ಟರ್ ಆಗಲ್ಲ, ಕ್ಯಾನಿಸ್ಟರೇ ಬೇಕು."

ಕ್ಯಾನಿಸ್ಟರ್ ಎಂದರೆ ಮುಚ್ಚಳವಿರುವ ಬಕೆಟ್ಟಿನಂಥ ಡಬ್ಬಿ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರುತ್ತದೆ. ಒಂದು ಕೊಳವೆಯಲ್ಲಿ ನೀರು ಇಳಿದು ಬಂದು, ಒಳಗಿನ ಸ್ಪಂಜು ಮತ್ತು ಪಿಂಗಾಣಿಯ ಉಂಗುರಗಳನ್ನು ಹಾದು, ಇನ್ನೊಂದು ಕೊಳವೆಯಲ್ಲಿ ಮೇಲಕ್ಕೆ ಹೋಗುತ್ತದೆ. ಕಪಾಟಿನ ಸಾಲಿನಲ್ಲಿ ಮೂರು ಬಗೆಯವು ಇದ್ದವು. ಗುಬ್ಬಿಯ ಕಣ್ಣು ನೇರವಾಗಿ ನೀಲಿ ದೀಪ ಮಿನುಗುತ್ತಿದ್ದುದರ ಮೇಲೆ ಬಿತ್ತು.

"ಅತ್ತಿಗೆ, ನೋಡಿ ನೋಡಿ! ನೀರು ಎಷ್ಟು ಬಿಸಿ ಇದೆ ಅಂತ ಇದೇ ಹೇಳುತ್ತಂತೆ!"

"ಬೇಡ," ಎಂದ ಬೇಡಪ್ಪ. "ಆ ದೀಪ ಕೆಟ್ಟರೆ ರಿಪೇರಿಗೆ ಯಾರ ಹತ್ತಿರ ಹೋಗ್ತೀರಿ?"

"ಹಾಗಾದ್ರೆ ಇದು? ಎಷ್ಟು ದಪ್ಪ ಇದೆ! ನೀರು ಎಳೆಯೋ ಲೆಕ್ಕ ನೋಡಿ, ಎಲ್ಲಕ್ಕಿಂತ ಜಾಸ್ತಿ."

"ಬೇಡ. ಪೆಟ್ಟಿಗೆ ಮೇಲಿನ ಲೆಕ್ಕ ಒಳಗೆ ಏನೂ ತುಂಬದಿದ್ದಾಗಿನದು. ಸ್ಪಂಜು, ಉಂಗುರ ಎಲ್ಲ ತುಂಬಿದ ಮೇಲೆ ಅದರಲ್ಲಿ ಅರ್ಧ ಬಂದರೂ ಪುಣ್ಯ. ಆಮೇಲೆ ಮುಚ್ಚಳದ ರಬ್ಬರ್ ಹೋದರೆ ಇದಕ್ಕೆ ಬೇರೆ ಸಿಗಲ್ಲ. ಒಂದು ದಿನ ಬೆಳಿಗ್ಗೆ ಬಂದು ನೋಡ್ತೀರಿ, ಮೀನು ತೊಟ್ಟಿಯಲ್ಲಿ, ನೀರು ನೆಲದ ಮೇಲೆ."

ಉಳಿದದ್ದು ಒಂದು. ಕರ್ರಗೆ, ಗಿಡ್ಡಗೆ, ಯಾವ ಚಂದವೂ ಇಲ್ಲದ ಡಬ್ಬಿ. ಗುಬ್ಬಿ ಬಗ್ಗಿ ಅದರ ಮುಚ್ಚಳದ ಕ್ಲಿಪ್ಪುಗಳನ್ನು ತೆಗೆದಳು, ಹಾಕಿದಳು. ಮತ್ತೆ ತೆಗೆದಳು, ಹಾಕಿದಳು. ಕ್ಲಿಪ್ಪಿನ ವಿಷಯದಲ್ಲಿ ಅವಳನ್ನು ಯಾಮಾರಿಸುವವರು ಹುಟ್ಟಿಲ್ಲ. ಹಿಡಿತ ಸಡಿಲವಾದ ಕ್ಲಿಪ್ಪಿನ ಸದ್ದು ಅವಳಿಗೆ ದೂರದಿಂದಲೇ ಗೊತ್ತಾಗುತ್ತದೆ. ಇವು ಬಿಗಿಯಾಗಿ ಕೂತವು. ಅಂಗಡಿಯ ದೊಡ್ಡ ತೊಟ್ಟಿಯ ಕೆಳಗೂ ಅಂಥದ್ದೇ ಒಂದು ಓಡುತ್ತಿದೆ ಎಂದು ಬೇಡಪ್ಪ ಹೇಳಿದಾಗ ನೆಲದ ಮೇಲೆ ಮಂಡಿಯೂರಿ ಕಪಾಟಿಗೆ ಕಿವಿಯಿಟ್ಟಳು. ಸದ್ದೇ ಇರಲಿಲ್ಲ.

"ಕೆಟ್ಟು ನಿಂತಿದೆಯಾ?" ಎಂದಳು.

"ಓಡ್ತಾ ಇದೆ. ಅಲ್ಲಿ ನೋಡಿ." ಬೇಡಪ್ಪ ಹಿಂದಿನ ಗೋಡೆ ತೋರಿಸಿದ. ಅಲ್ಲಿ ಮೊಳೆಗಳಿಗೆ ರಬ್ಬರ್ ಉಂಗುರ, ಒಳಗೆ ತಿರುಗುವ ಪುಟ್ಟ ಚಕ್ರ, ಕ್ಲಿಪ್ಪು ಎಲ್ಲ ನೇತಾಡುತ್ತಿದ್ದವು, ಮೇಲೆಲ್ಲ ಧೂಳು. "ಅದರ ಬಿಡಿಭಾಗಗಳು. ಎಷ್ಟೋ ವರ್ಷದಿಂದ ನೇತಾಡ್ತಿವೆ. ಕೇಳಿಕೊಂಡು ಬಂದವರು ಕಡಿಮೆ."

ಗುಬ್ಬಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಧೂಳಿನ ಮುಖ ನೋಡಿದರು, ತಲೆಯಾಡಿಸಿದರು.

"ಇದನ್ನೇ ಕೊಡಿ!"

"ಬೇಡ," ಎಂದ ಬೇಡಪ್ಪ ಅಭ್ಯಾಸದ ಮೇಲೆ. ಆಮೇಲೆ ತಾನೇ ತಬ್ಬಿಬ್ಬಾಗಿ, "ಅಲ್ಲ, ತಗೊಳ್ಳಿ, ತಗೊಳ್ಳಿ," ಎಂದ. ಅತ್ತಿಗೆ ಅಲ್ಲಿಯವರೆಗೆ ಹಿಡಿದಿಟ್ಟಿದ್ದ ನಗು ಒಮ್ಮೆಲೇ ಒಡೆಯಿತು. ಪಕ್ಕದ ತೊಟ್ಟಿಯ ಸಣ್ಣ ಮೀನುಗಳೆಲ್ಲ ಬೆದರಿ ಇನ್ನೊಂದು ಮೂಲೆಗೆ ಓಡಿದವು.

ಪೆಟ್ಟಿಗೆ ಕಟ್ಟಿಕೊಡುತ್ತ ಬೇಡಪ್ಪ ಒಂದು ಮಾತು ಹೇಳಿದ. "ನಂಬಿಕಸ್ಥ ಫಿಲ್ಟರ್ ಅಂದ್ರೆ ಯಾವುದು ಗೊತ್ತಾ ಅಕ್ಕ? ಅದು ಇದೆ ಅನ್ನೋದೇ ಮರೆತುಹೋಗಬೇಕು." ಗುಬ್ಬಿ ಜೋರಾಗಿ ತಲೆಯಾಡಿಸಿದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಡಬ್ಬಿ ಕಪಾಟಿನಲ್ಲಿ ಕೂತಿತು. ಕೊಳವೆಯಲ್ಲಿ ನೀರು ಗಳಗಳ ಇಳಿದು, ಒಂದಿಷ್ಟು ಗಾಳಿ ಉಗುಳಿ, ಮೌನವಾಯಿತು. ಹಳೇ ನೀರು ಬಹುಪಾಲು ಬದಲಾಗಿತ್ತು, ದೊರೆಯ ಮಚ್ಚೆಗಳು ಕೆಂಡದಂತೆ ಹೊಳೆದವು. ಗುಬ್ಬಿ ಅತ್ತಿಗೆಯ ಎರಡೂ ಕೈ ಹಿಡಿದು ಪಾರ್ಲರಿನ ನಡುವೆ ಗಿರ್ರನೆ ತಿರುಗಿಸಿದಳು. "ಬಿಡೇ, ತಲೆ ಸುತ್ತುತ್ತೆ ಕಣೇ!" ಎನ್ನುತ್ತ ಅತ್ತಿಗೆಯೂ ತಿರುಗಿದರು. ಅಳತೆಯ ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಮೆಲ್ಲನೆ ಮೆಟ್ಟಿಲು ಹತ್ತಿ ಹೋದರು.

ಇನ್ನು ಮೇಲಾದರೂ ಕೈ ಕಟ್ಟಿ ಕೂರಬೇಕಿತ್ತು. ಪಾರ್ಲರಿನ ನಿಯಮ ಗುಬ್ಬಿಯ ರಕ್ತದಲ್ಲೇ ಇತ್ತು: ಒಬ್ಬರ ತಲೆಗೆ ತಾಗಿದ ಬಾಚಣಿಗೆ, ಬ್ರಷ್ಷು, ಟವೆಲ್ಲು ಇನ್ನೊಬ್ಬರ ತಲೆಗೆ ಹೋಗುವ ಮೊದಲು ಬಿಸಿನೀರು ಕಾಣಲೇಬೇಕು. ದೊರೆಯ ಫಿಲ್ಟರಿಗೆ ಮಾತ್ರ ಕಡಿಮೆ ಮರ್ಯಾದೆಯೇ? ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಡಬ್ಬಿ ತೆರೆದು, ಸ್ಪಂಜು ಮತ್ತು ಉಂಗುರಗಳನ್ನೆಲ್ಲ ತಲೆ ತೊಳೆಯುವ ಬೇಸಿನ್ನಿಗೆ ಸುರಿದು, ಬಿಸಿನೀರಿನ ಕೈಶವರ್ ಹಿಡಿದು, ಒಂದೊಂದು ಉಂಗುರವನ್ನೂ ಬೆರಳಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಆಮೇಲೆ ಟವೆಲ್ಲಿನಲ್ಲಿ ಒತ್ತಿ, ಹೇರ್ ಡ್ರೈಯರ್ ಹಚ್ಚಿ, ಮುಟ್ಟಿದರೆ ಗರಿಗರಿ ಎನ್ನುವಂತೆ ಒಣಗಿಸುತ್ತಿದ್ದಳು. ಹಾಡು ಬೇರೆ ಗುನುಗುತ್ತಿದ್ದಳು. ದಿನಾ ಇದೇ ಸೇವೆ. ಮೇಜಿನಲ್ಲಿ ತೂಕಡಿಸುತ್ತಿದ್ದ ಅತ್ತಿಗೆಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಚೊಕ್ಕಟವಾಗಿರುವುದು ಒಳ್ಳೆಯದೇ ತಾನೇ?

ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ತೊಟ್ಟಿಯ ತುಂಬ ಹಾಲು. ದೊರೆ ಗಾಜಿಗೆ ಬರಲಿಲ್ಲ. ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ತೆರೆದು ಉಸಿರೆಳೆಯುತ್ತಿದ್ದ. ಗುಬ್ಬಿ ಬೆರಳು ತೋರಿಸಿದರೂ ಕಾಳಿಗೆ ಬಾಯಿ ಹಾಕಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

ಅತ್ತಿಗೆ ಬೈಯಲಿಲ್ಲ. ಬೈದಿದ್ದರೇ ವಾಸಿಯಾಗಿತ್ತು. "ಅವನಿಗೂ ಕಷ್ಟ, ನಮಗೂ ಕಷ್ಟ. ಭಾನುವಾರ ತಗೊಂಡು ಹೋಗಿ ಅಂತ ಡಾಕ್ಟರಿಗೆ ಹೇಳಿಬಿಡ್ತೀನಿ," ಎಂದು ಫೋನು ಎತ್ತಿಕೊಂಡರು.

ಗುಬ್ಬಿ ಡಬ್ಬಿಯೊಳಗಿನದನ್ನೆಲ್ಲ ಎತ್ತಿ ಬೇಸಿನ್ನಿನಲ್ಲಿ ಮತ್ತೊಮ್ಮೆ ತೊಳೆದು, ಒಣಗಿಸಿ, ಟವೆಲ್ಲಿನಲ್ಲಿ ಕಟ್ಟಿಕೊಂಡು ಬೇಡಪ್ಪನ ಅಂಗಡಿಗೆ ನುಗ್ಗಿದಳು. ಜಗಳಕ್ಕೆ ಹೋಗುವಾಗಲೂ ಕೊಳಕು ಸಾಮಾನು ಹೊತ್ತೊಯ್ಯುವವಳಲ್ಲ ಅವಳು.

"ನಂಬಿಕಸ್ಥ ಅಂದ್ರಿ! ನಿಮ್ಮ ನಂಬಿಕೆ ನೋಡಿ ಇಲ್ಲಿ!" ಎಂದು ಗಂಟು ಬಿಚ್ಚಿದಳು.

ಬೇಡಪ್ಪ ಒಂದು ಉಂಗುರ ಎತ್ತಿ ಬೆಳಕಿಗೆ ಹಿಡಿದ. ಅದು ಹೊಸ ಗುಂಡಿಯಂತೆ ಫಳಫಳಿಸುತ್ತಿತ್ತು. ಸ್ಪಂಜು ಎತ್ತಿ ಮೂಸಿದ. ಡ್ರೈಯರಿನ ಬಿಸಿ ಇನ್ನೂ ಆರಿರಲಿಲ್ಲ.

"ಇದನ್ನ ತೊಳೆದಿದ್ದೀರಾ?"

"ದಿನಾ!" ಎಂದಳು ಗುಬ್ಬಿ, ತಲೆ ಎತ್ತಿ. "ಸೋಪು ಹಾಕಲ್ಲ, ಅಷ್ಟು ನನಗೂ ಗೊತ್ತು. ಬಿಸಿನೀರು ಮಾತ್ರ. ಆಮೇಲೆ ಡ್ರೈಯರ್."

"ಡ್ರೈಯರ್?"

"ಹೇರ್ ಡ್ರೈಯರ್. ಜೋರಾಗಿ ಇಡ್ತೀನಿ."

ಬೇಡಪ್ಪ ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತುಬಿಟ್ಟ. ಅವನಿಗೆ 'ಬೇಡ' ಎನ್ನಲೂ ಬಾಯಿ ಬರಲಿಲ್ಲ. ಆಮೇಲೆ ಮೆತ್ತಗೆ ಹೇಳತೊಡಗಿದ. "ಅಕ್ಕ, ಮೀನಿನ ಗಲೀಜಿಂದ ನೀರಲ್ಲಿ ವಿಷ ಆಗುತ್ತೆ. ಆ ವಿಷ ತಿಂದು ಬದುಕೋ ಬ್ಯಾಕ್ಟೀರಿಯಾ ಇರ್ತಾವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಅವು ಮನೆ ಮಾಡಿಕೊಳ್ಳೋದೇ ಈ ಸ್ಪಂಜಲ್ಲಿ, ಈ ಉಂಗುರದಲ್ಲಿ. ನೀರು ತಿಳಿಯಾಗಿ ಇಡೋದು ಡಬ್ಬಿ ಅಲ್ಲ, ಅವು. ನೀವು ದಿನಾ ಒಂದೂರು ಜನಕ್ಕೆ ಬಿಸಿನೀರು ಹೊಯ್ದು, ಗಾಳಿ ಹಾಕಿ ಒಣಗಿಸಿದ್ದೀರಿ."

ಗುಬ್ಬಿಗೆ ಹೋದ ವರ್ಷದ ಹಳೇ ಫಿಲ್ಟರ್, ಆಮೇಲಿನದು, ಇದು, ಎಲ್ಲವನ್ನೂ ಹಾಗೇ ತೊಳೆದದ್ದು ನೆನಪಾಯಿತು. ತಿಂಗಳುಗಟ್ಟಲೆ ಅಣ್ಣ ತಿರುಗಿಯೂ ನೋಡದ ಕಾಲದಲ್ಲಿ ನೀರು ಕನ್ನಡಿಯಂತಿದ್ದದ್ದೂ ನೆನಪಾಯಿತು. ಅತಿಯಾದರೆ ಅಮೃತವೂ ವಿಷ ಎಂದು ಗಿರಾಕಿಗಳಿಗೆ ಎಣ್ಣೆಯ ವಿಷಯದಲ್ಲಿ ಎಷ್ಟು ಸಲ ಹೇಳಿದ್ದಳೋ. ಅವಳಿಗೆ ಅಳು ಬಂತು. ಅಳುವಿನ ನಡುವೆಯೇ ಉಂಗುರಗಳಿಗೆ ತಾನು ಹಾಡು ಹೇಳುತ್ತಿದ್ದುದು ನೆನಪಾಗಿ ನಗು ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು.

ಬೇಡಪ್ಪ ತನ್ನ ತೊಟ್ಟಿಯ ಕೆಳಗಿನ ಡಬ್ಬಿ ತೆರೆದು, ಕಂದು ಬಣ್ಣದ ಲೋಳೆ ಮೆತ್ತಿದ ಒಂದು ಸ್ಪಂಜು ಹೊರತೆಗೆದು, ತೊಟ್ಟಿಯದೇ ನೀರು ತುಂಬಿದ ಕವರಿಗೆ ಹಾಕಿಕೊಟ್ಟ. ಕೆಸರಿನ ವಾಸನೆ ಹೊಡೆಯುತ್ತಿತ್ತು. "ಇದನ್ನ ನಿಮ್ಮ ಡಬ್ಬಿಗೆ ಹಾಕಿ. ಇದರಿಂದ ಹೊಸ ಊರು ಬೆಳೆಯುತ್ತೆ. ದಿನಾ ಒಂದಿಷ್ಟು ನೀರು ಬದಲಾಯಿಸಿ, ತೊಟ್ಟಿಯ ನೀರಷ್ಟೇ ಬೆಚ್ಚಗಿರಲಿ. ಕ್ಲೋರಿನ್ ತೆಗೆಯೋ ಔಷಧಿ ಹಾಕದೆ ನಲ್ಲಿ ನೀರು ಬಿಡಬೇಡಿ. ತಿನ್ನೋದಕ್ಕೆ ಕಡಿಮೆ ಕೊಡಿ. ಡಬ್ಬಿ ಮಾತ್ರ ಮುಟ್ಟಬೇಡಿ. ತೆಗೆಯೋದು ಬೇಡ, ನೋಡೋದು ಬೇಡ, ಒರೆಸೋದೂ ಬೇಡ."

ಈ ಸಲದ 'ಬೇಡ'ಗಳು ಗುಬ್ಬಿಯ ಎರಡೂ ಕಿವಿಯಲ್ಲಿ ಉಳಿದವು. ಓಡಿ ಬಂದು ಅತ್ತಿಗೆಗೆ ಎಲ್ಲ ಹೇಳಿದಳು. ಅತ್ತಿಗೆ ಮೊದಲು ಮೂಗಿನ ಮೇಲೆ ಬೆರಳಿಟ್ಟರು, ಆಮೇಲೆ ಮೂಗನ್ನೇ ಮುಚ್ಚಿಕೊಂಡರು. ಕವರಿನ ವಾಸನೆ ಅಂಥದ್ದು.

"ಭಾನುವಾರದವರೆಗೆ ನೋಡೋಣ ಅತ್ತಿಗೆ. ದಮ್ಮಯ್ಯ."

"ಡಾಕ್ಟರಿಗೆ ಮಾತು ಕೊಟ್ಟಾಗಿದೆ. ಭಾನುವಾರ ನೀರು ತಿಳಿಯಾಗಿದ್ರೆ ಮಾತಾಡೋಣ. ಆದ್ರೆ ನಿನ್ನ ಕೈ ಸುಮ್ಮನಿರುತ್ತಾ?"

"ಇರುತ್ತೆ!"

ಅತ್ತಿಗೆ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮರುದಿನ ಮಧ್ಯಾಹ್ನ, ದಿನಾ ತೊಳೆಯುತ್ತಿದ್ದ ಅದೇ ಹೊತ್ತಿಗೆ, ಗುಬ್ಬಿ ಹೇರ್‌ಪಿನ್ನಿನಿಂದ ಆ ಬೀಗ ತೆಗೆಯುತ್ತಿದ್ದಾಗ ಸಿಕ್ಕಿಬಿದ್ದಳು.

"ಬರೀ ನೋಡೋಣ ಅಂತ..." ಎಂದಳು.

"ಏಳು. ಕೂತ್ಕೋ ಇಲ್ಲಿ." ಅತ್ತಿಗೆ ಅವಳ ರಟ್ಟೆ ಹಿಡಿದು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದರು. ಕತ್ತಿನಿಂದ ಮೊಣಕಾಲಿನವರೆಗೆ ಮುಚ್ಚುವ ಕಟಿಂಗ್ ಬಟ್ಟೆಯನ್ನು ಹೊದಿಸಿ ಕತ್ತಿನ ಹಿಂದೆ ಬಿಗಿಯಾಗಿ ಕ್ಲಿಪ್ಪು ಹಾಕಿದರು. ಗುಬ್ಬಿಯ ಎರಡೂ ಕೈ ಬಟ್ಟೆಯೊಳಗೆ ಸೆರೆಯಾದವು.

"ಇದೇನಿದು ಅತ್ತಿಗೆ?"

"ನಿನ್ನ ಕೈಗೆ ರಜ."

ಕೈಗಳು ಒಳಗೇ ಚಡಪಡಿಸಿದವು, ಬಟ್ಟೆ ಕುಣಿಯಿತು. ಹೀಗೆ ಬಿಟ್ಟರೆ ಎದ್ದು ಓಡುತ್ತಾಳೆ ಎಂದು ಅತ್ತಿಗೆಗೆ ಗೊತ್ತು. ಅತ್ತ ಇತ್ತ ನೋಡಿ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡರು. "ಅಲುಗಾಡಬೇಡ. ಕತ್ತರಿ ತಲೆ ಹತ್ತಿರ ಇದ್ದಾಗ ಅಲುಗಾಡಬಾರದು ಅಂತ ಎಲ್ಲರಿಗೂ ನೀನೇ ತಾನೇ ಹೇಳೋದು?"

ಅದು ಗುಬ್ಬಿಯ ಕಸುಬಿನ ಮೊದಲ ಪಾಠ. ಮಕ್ಕಳಿಗೆ, ಮುದುಕಿಯರಿಗೆ, ಎಲ್ಲರಿಗೂ ಗದರಿ ಹೇಳಿದ್ದು. ಅವಳು ಕಲ್ಲಾಗಿ ಕೂತಳು. "ತುದಿ ಮಾತ್ರ ಅತ್ತಿಗೆ," ಎಂದಳು, ಬರೀ ತುಟಿಯಲ್ಲಿ.

ಕತ್ತರಿ ಕಚಕ್ಕೆಂದಿತು. ಯಾರೂ ಮುಟ್ಟದ ಜಡೆಯ ತುದಿ ನೆಲಕ್ಕೆ ಬಿತ್ತು. ಗುಬ್ಬಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಕನ್ನಡಿಯಲ್ಲಿ, ಬಿಳೀ ನೀರಿನೊಳಗಿಂದ, ಗಾಜಿಗೆ ಅಂಟಿಕೊಂಡ ಒಂದು ಮೂತಿ ಕಂಡಿತು. ದೊರೆ ಕೆಳಗಿಳಿದು ಬಂದಿದ್ದ. ಕತ್ತರಿ ಆಚೆ ಹೋದರೆ ಅವನ ಕಣ್ಣು ಆಚೆ, ಈಚೆ ಬಂದರೆ ಈಚೆ.

"ಅವನು ನನ್ನನ್ನ ನೋಡ್ತಿದ್ದಾನೇನೇ?" ಎಂದರು ಅತ್ತಿಗೆ.

"ನಿಮ್ಮ ಕತ್ತರಿ ನೋಡ್ತಿದ್ದಾನೆ."

ಅತ್ತಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಇನ್ನೊಂದು ಎಳೆ ಬೆರಳಲ್ಲಿ ಹಿಡಿದು, ಸ್ವಲ್ಪ ಠೀವಿಯಿಂದಲೇ ಕತ್ತರಿಸಿದರು. ಇಷ್ಟು ವರ್ಷ ಆ ಮೇಜಿನಲ್ಲಿ ಕೂತು ಅವರು ಮಾಡಿದ ಯಾವ ಕೆಲಸವನ್ನೂ ಯಾರೂ ಹೀಗೆ ಕಣ್ಣಿಟ್ಟು ನೋಡಿರಲಿಲ್ಲ. ಕನ್ನಡಿಯಲ್ಲಿ ಅವರ ಮುಖ ಕಂಡ ಗುಬ್ಬಿಗೆ, ಒಂದು ದಿನವಾದರೂ ಕತ್ತರಿ ಕೊಟ್ಟು ನೋಡಬೇಕಿತ್ತು ಎನ್ನಿಸಿತು.

ಅಲ್ಲಿಂದ ದಿನಾ ಮಧ್ಯಾಹ್ನ ಇದೇ ಕಲಾಪ. ಬೆಳಿಗ್ಗೆ ಇಬ್ಬರೂ ಸೇರಿ ನೀರು ಬದಲಾಯಿಸುವುದು, ಮಧ್ಯಾಹ್ನ ಗುಬ್ಬಿಯ ಕೈ ಸೆರೆ, ಅತ್ತಿಗೆಯ ಕತ್ತರಿ, ದೊರೆಯ ಪ್ರೇಕ್ಷಣೆ. ಆದರೆ ಕಲಿಯುವವರ ಕೈ ಎಂದರೆ ಗೊತ್ತಲ್ಲ. ಎಡಕ್ಕೆ ಸರಿಮಾಡಲು ಹೋದರೆ ಬಲಕ್ಕೆ ಗಿಡ್ಡ, ಬಲಕ್ಕೆ ಸರಿಮಾಡಲು ಹೋದರೆ ಎಡಕ್ಕೆ ಗಿಡ್ಡ. ಜಡೆ ಸೊಂಟದಿಂದ ಬೆನ್ನಿಗೆ, ಬೆನ್ನಿನಿಂದ ಹೆಗಲಿಗೆ ಏರಿತು. "ಮೊನಚು ಕೆಳಗೆ ಹಿಡೀರಿ ಅತ್ತಿಗೆ, ಅಯ್ಯೋ, ಅದು ಕಿವಿ!" ಎಂದು ಗುಬ್ಬಿ ಕೂತಲ್ಲಿಂದಲೇ ಪಾಠ ಹೇಳುತ್ತಿದ್ದಳು. ಅತ್ತಿಗೆ ನಗು ತಡೆಯಲಾರದೆ ಕತ್ತರಿ ಕೆಳಗಿಟ್ಟು ಗೋಡೆಗೊರಗುತ್ತಿದ್ದರು. ಒಂದು ಮಧ್ಯಾಹ್ನ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಾಗ ಬಂದ ಗಿರಾಕಿಯೊಬ್ಬರು, ಬಾಗಿಲಲ್ಲೇ ನಿಂತು, ಇನ್ನೊಂದು ದಿನ ಬರುವುದಾಗಿ ಹೇಳಿ ಹೋದರು. ನೀರು ಮಾತ್ರ ಹಾಗೇ ಇತ್ತು. ಗುಬ್ಬಿ ರಾತ್ರಿ ದಿಂಬಿಗೆ ಮುಖವೊತ್ತಿ ದೊರೆಯ ಹೆಸರು ಹೇಳಿಕೊಳ್ಳುತ್ತಿದ್ದಳು. ಇದನ್ನು ಅತ್ತಿಗೆಗೂ ಹೇಳಿರಲಿಲ್ಲ.

ಶುಕ್ರವಾರ ವಾಸನೆ ಹೋದಂತೆ ಅನ್ನಿಸಿತು. ಶನಿವಾರ ಹಾಲಿಗೆ ನೀರು ಬೆರೆಸಿದಂತೆ ಕಂಡಿತು. ಗುಬ್ಬಿಯ ಬೆರಳು ಜುಮ್ಮೆನ್ನುತ್ತಿದ್ದವು, ಆದರೂ ಅವಳು ಕಪಾಟಿನ ಕಡೆ ಹೋಗಲಿಲ್ಲ. ತಾನೇ ಹೋಗಿ ಕುರ್ಚಿಯಲ್ಲಿ ಕೂತು ಬಟ್ಟೆ ಹೊದ್ದುಕೊಂಡಳು.

ಭಾನುವಾರ ಡಾಕ್ಟರು ಟೇಪು, ನಾಲ್ಕು ಬಕೆಟ್ಟು, ಇಬ್ಬರು ಹೊರುವ ಆಳುಗಳ ಸಮೇತ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಅತ್ತಿಗೆ ಬೀಗ ತೆಗೆದರು. ಎಲ್ಲರೂ ಒಟ್ಟಿಗೆ ಒಳಗೆ ಬಂದರು, ಒಟ್ಟಿಗೆ ನಿಂತರು.

ತೊಟ್ಟಿಯಲ್ಲಿ ನೀರು ಇದೆಯೋ ಇಲ್ಲವೋ ಎಂಬಂತಿತ್ತು. ತಳದ ಒಂದೊಂದು ಕಲ್ಲೂ ಎಣಿಸುವಷ್ಟು ನಿಚ್ಚಳ. ನಡುವೆ ದೊರೆ, ಮೈಯೆಲ್ಲ ಕೆಂಡ ಹಚ್ಚಿಕೊಂಡು, ಈಜುತ್ತಿರಲಿಲ್ಲ, ಮೆರೆಯುತ್ತಿದ್ದ.

"ಆಹಾ! ಎಷ್ಟು ಚೆನ್ನಾಗಾಗಿದ್ದಾನೆ," ಎಂದು ಡಾಕ್ಟರು ಟೇಪು ಬಿಚ್ಚಿದರು. "ಎತ್ತೋಣವಾ ಮೇಡಂ?"

ಅತ್ತಿಗೆ ಹೋಗಿ ತೊಟ್ಟಿಗೆ ಅಡ್ಡ ನಿಂತರು. "ಇಲ್ಲ ಡಾಕ್ಟ್ರೇ. ಕೊಡೋದಿಲ್ಲ."

"ನೀವೇ ಫೋನ್ ಮಾಡಿದ್ದು..."

"ಮಾಡಿದ್ದೆ. ತಪ್ಪಾಯ್ತು. ಆಗ ಅವನು ಇವಳ ಮೀನಾಗಿದ್ದ." ಅತ್ತಿಗೆಯ ಮುಖ ಕೆಂಪಾಯಿತು. "ಅವನು ನನ್ನ ಕೆಲಸ ನೋಡ್ತಾನೆ ಡಾಕ್ಟ್ರೇ. ಅವನಿಲ್ಲದೆ ನನ್ನ ಕೈ ಓಡಲ್ಲ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಗುಬ್ಬಿಗೆ ಆಯಿತು. ಅವಳು ಅತ್ತಿಗೆಯನ್ನು ತಬ್ಬಿಕೊಂಡು, ಕೆನ್ನೆಗೆ ಮುತ್ತಿಟ್ಟು, ಅದೇ ಹುಮ್ಮಸ್ಸಿನಲ್ಲಿ ಡಾಕ್ಟರ ಕಾಲರನ್ನೂ ಸರಿಮಾಡಿದಳು. "ನಿಮಗೊಂದು ಪುಟ್ಟ ಮೀನು ತಂದುಕೊಡ್ತೀನಿ. ಅಂಗಡಿಯವನು ಬೇಡ ಅಂತಾನೆ, ಕಿವಿಗೆ ಹಾಕ್ಕೋಬೇಡಿ. ಅಲ್ಲ ಅಲ್ಲ, ಹಾಕ್ಕೊಳ್ಳಿ, ಹಾಕ್ಕೊಳ್ಳಿ!" ಡಾಕ್ಟರು ನಿಟ್ಟುಸಿರು ಬಿಟ್ಟು, ಟೇಪು ಸುತ್ತಿ, ಖಾಲಿ ಬಕೆಟ್ಟುಗಳ ಜೊತೆ ಮೆಟ್ಟಿಲು ಹತ್ತಿದರು.

ಗುಬ್ಬಿ ತೊಟ್ಟಿಯ ಮುಂದೆ ಬಗ್ಗಿ ಮುಖ ತೋರಿಸಿದಳು. ಕಿವಿಯ ಮೇಲಕ್ಕೆ ಏರಿದ ಕೂದಲು, ಅಲ್ಲಲ್ಲಿ ಏಣಿಯ ಮೆಟ್ಟಿಲು. ತಿಳಿನೀರಿನಲ್ಲಿ ಅವಳ ಈ ಹೊಸ ರೂಪವನ್ನು ಮೊದಲ ಸಲ ಸರಿಯಾಗಿ ಕಂಡ ದೊರೆ ಬೆಚ್ಚಿ ಕಲ್ಲಿನ ಹಿಂದೆ ಅಡಗಿದ. ಅವಳು ಬೆರಳು ಗಾಜಿಗಿಟ್ಟ ಮೇಲೆ ಮೆಲ್ಲನೆ ಬಂದ, ಮೂತಿ ಒತ್ತಿದ, ಬಾಲ ಬಡಿದ. ಗುಬ್ಬಿ ಅತ್ತಳು, ನಾಚದೆ ಅತ್ತಳು. ಕೆಳಗೆ ಕಪಾಟಿನಲ್ಲಿ ಡಬ್ಬಿ ಸದ್ದಿಲ್ಲದೆ ಓಡುತ್ತಿತ್ತು. ಅವಳ ಕೈ ತಾನಾಗಿ ಕಪಾಟಿನ ಹಿಡಿಯ ಕಡೆಗೆ ಹೋಯಿತು. ಒಂದೇ ಒಂದು ಸಲ ಒರೆಸಿದರೆ ಏನಂತೆ?

ಕೈ ಅರ್ಧದಲ್ಲೇ ನಿಂತಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಹೋಗಿ ಕುರ್ಚಿಯಲ್ಲಿ ಕೂತು, ಕಟಿಂಗ್ ಬಟ್ಟೆಯನ್ನು ಎದೆಗೆ ಎಳೆದುಕೊಂಡಳು.

"ಅತ್ತಿಗೆ, ಬನ್ನಿ," ಎಂದಳು. "ಇನ್ನೂ ಸ್ವಲ್ಪ ಕೂದಲು ಉಳಿದಿದೆ."